ದೊಡ್ಡ ಮರಗಳ ಬುಡದಲ್ಲಿ ಮನೆಮಂದಿಯ ನಡಿಗೆ

ಮಕ್ಕಳಿಗೆ ದೊಡ್ಡ ಮರಗಳನ್ನು ತೋರಿಸಬೇಕು ಎಂದರೆ ಮೈಸೂರು ಸೀಮೆಯವರಿಗೆ ಮೊದಲು ನೆನಪಾಗುವುದು ನಾಗರಹೊಳೆ, ಬಂಡೀಪುರ. ಅಲ್ಲಿ ಮರಗಳಿಗೇನೂ ಕೊರತೆಯಿಲ್ಲ. ಆದರೆ ಸಫಾರಿ ವಾಹನದಿಂದ ಕೆಳಗಿಳಿಯುವಂತಿಲ್ಲ. ಹುಲಿ, ಆನೆ ಇರುವ ಕಾಡಿನಲ್ಲಿ ಆ ನಿಯಮ ಸರಿಯಾದದ್ದೇ. ಹಾಗಾಗಿ ಮಗು ಮರವನ್ನು ಕಿಟಕಿಯಿಂದ ನೋಡುತ್ತದೆಯೇ ಹೊರತು ಅದರ ತೊಗಟೆ ಮುಟ್ಟುವುದಿಲ್ಲ, ಬೇರಿನ ಮೇಲೆ ಕೂರುವುದಿಲ್ಲ, ಬಿದ್ದ ಕಾಯಿ ಹೆಕ್ಕುವುದಿಲ್ಲ. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳು ರಜೆಯಲ್ಲಿ ಕ್ಯಾಲಿಫೋರ್ನಿಯಾದ ಸಿಕೋಯಾ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ, 83 ಮೀಟರಿಗೂ ಎತ್ತರದ ಜನರಲ್ ಶೆರ್ಮನ್ ಎಂಬ ಮರದ ಹತ್ತಿರದವರೆಗೆ ನಡೆದು, ಕತ್ತೆತ್ತಿ ನೋಡಿ ಬರುತ್ತವೆ. ಅಷ್ಟು ಎತ್ತರದ ಮರ ನಮ್ಮಲ್ಲಿಲ್ಲ. ನಡೆದು ಹೋಗಿ ಬುಡದಲ್ಲಿ ನಿಲ್ಲುವ ಸುಖ ಮಾತ್ರ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲೇ ಸಿಗುತ್ತದೆ. ಇದಕ್ಕೆ ಎರಡು ದಿನ ಬಿಡುವಿದ್ದರೆ ಸಾಕು.

ಕಬ್ಬು, ಭತ್ತದ ನಾಡಿನಲ್ಲಿ ಎಂಥ ದೊಡ್ಡ ಮರ ಎಂದು ಕೇಳುವವರಿದ್ದಾರೆ. ಇಲ್ಲಿನ ದೊಡ್ಡ ಮರಗಳು ಒಂದೇ ಕಡೆ ಕಾಡಾಗಿ ನಿಂತಿಲ್ಲ ಎಂಬುದು ನಿಜ. ಹೊಳೆಯ ದಂಡೆ, ಕೆರೆ ಏರಿ, ದೇವಸ್ಥಾನದ ಮುಂಭಾಗ, ಊರ ಗುಂಡುತೋಪು, ಹಳೆಯ ರಸ್ತೆಯ ಸಾಲು, ಹೀಗೆ ಹಂಚಿಹೋಗಿವೆ. ಬೆಟ್ಟದ ಮೇಲಿನ ಕಾಡು ಕುರುಚಲು. ಹೊಳೆಯ ಬದಿಯ ಮರ ಬೃಹತ್ತು. ಎರಡನ್ನೂ ಒಂದೇ ಪ್ರವಾಸದಲ್ಲಿ ನೋಡಿದ ಮಗುವಿಗೆ, ನೀರು ಸಿಕ್ಕ ಮರ ಎಷ್ಟು ಬೆಳೆಯುತ್ತದೆ, ಬಂಡೆಯ ಸಂದಿಯಲ್ಲಿ ಸಿಕ್ಕಿಕೊಂಡ ಮರ ಹೇಗೆ ಬದುಕುತ್ತದೆ ಎಂಬುದನ್ನು ಯಾರೂ ಪಾಠ ಮಾಡಿ ಹೇಳಬೇಕಿಲ್ಲ.

ಹೊಳೆಮತ್ತಿಯಿಂದ ಶುರುವಾಗಲಿ

ಶ್ರೀರಂಗಪಟ್ಟಣ ತಾಲ್ಲೂಕಿನ ರಂಗನತಿಟ್ಟಿಗೆ ಎಲ್ಲರೂ ಹಕ್ಕಿ ನೋಡಲು ಹೋಗುತ್ತಾರೆ. ನೀವು ಮರ ನೋಡಲು ಹೋಗಿ. 17ನೇ ಶತಮಾನದ ನಡುವಿನಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟೆ ಕಟ್ಟಿದಾಗ ನೀರು ಹರಡಿ ಇಲ್ಲಿನ ತಿಟ್ಟುಗಳು ಉಂಟಾದವು. ಪಕ್ಷಿತಜ್ಞ ಸಲೀಂ ಅಲಿ ಅವರು ಮೈಸೂರು ಮಹಾರಾಜರಿಗೆ ಮನವರಿಕೆ ಮಾಡಿಕೊಟ್ಟ ಮೇಲೆ 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಹಕ್ಕಿಗಳು ಇಷ್ಟು ತಲೆಮಾರು ಇಲ್ಲಿಗೇ ಬರುವುದಕ್ಕೆ ಮೀನಿನಷ್ಟೇ ದೊಡ್ಡ ಕಾರಣ ಈ ತಿಟ್ಟುಗಳ ಮರಗಳು. ಸುತ್ತ ನೀರು, ನೀರಿನಲ್ಲಿ ಮೊಸಳೆ. ಬೆಕ್ಕಾಗಲಿ ನಾಯಿಯಾಗಲಿ ಗೂಡಿನ ತನಕ ಬರಲು ಧೈರ್ಯ ಮಾಡುವುದಿಲ್ಲ.

ಇಲ್ಲಿ ಗುರುತಿಸಬೇಕಾದ ಮುಖ್ಯ ಮರ ಹೊಳೆಮತ್ತಿ. ನೀರುಮತ್ತಿ, ಬಿಳಿಮತ್ತಿ ಎಂದೂ ಕರೆಯುತ್ತಾರೆ. ಆಯುರ್ವೇದದಲ್ಲಿ ಇದೇ ಅರ್ಜುನ. ಗುರುತು ಹಿಡಿಯುವುದು ಸುಲಭ. ಕಾಂಡ ಬಿಳಿಚು, ನುಣುಪು, ಅಲ್ಲಲ್ಲಿ ತೊಗಟೆ ತೆಳ್ಳಗೆ ಸುಲಿದಿರುತ್ತದೆ. ಕಾಡಿನ ಕರಿಮತ್ತಿಯ ತೊಗಟೆ ಮೊಸಳೆಯ ಬೆನ್ನಿನ ಹಾಗೆ ಬಿರುಕು ಬಿಟ್ಟಿರುತ್ತದೆ. ಎರಡೂ ಒಂದೇ ಕುಲದವು ಎಂದರೆ ಮಕ್ಕಳು ನಂಬುವುದಿಲ್ಲ. ಹೊಳೆಮತ್ತಿಯ ಕಾಯಿಗೆ ಐದು ರೆಕ್ಕೆ. ಒಣಗಿದ ಕಾಯಿ ಹಗುರ, ನೀರಿನಲ್ಲಿ ತೇಲುತ್ತದೆ. ಹೊಳೆಯ ಗುಂಟ ಸಾಲಾಗಿ ಈ ಮರವೇ ಇರುವುದಕ್ಕೆ ಇದೊಂದು ಕಾರಣ: ಪ್ರವಾಹವೇ ಬೀಜ ಬಿತ್ತುತ್ತದೆ. ಬುಡದಲ್ಲಿ ಹಲಗೆಯಂತೆ ಹರಡಿದ ಬೇರುಗಳು ದಂಡೆಯ ಮಣ್ಣನ್ನು ಬಿಗಿಹಿಡಿಯುತ್ತವೆ. ಇಪ್ಪತ್ತೈದು ಮೀಟರ್ ಎತ್ತರಕ್ಕೆ ಬೆಳೆಯುವ ಈ ಮರದ ಕೆಳಗೆ ಒಂದು ಸಂಸಾರ ಬುತ್ತಿ ಬಿಚ್ಚಿ ಕೂತರೆ ನಡುಮಧ್ಯಾಹ್ನವೂ ಬಿಸಿಲು ತಾಗದು.

ದೋಣಿಗೆ ಹೋಗುವ ಮುನ್ನ ದಂಡೆಯ ಕಾಲುದಾರಿಯಲ್ಲಿ ನಿಧಾನವಾಗಿ ನಡೆಯಿರಿ. ಬಿದಿರು ಮೆಳೆ, ಕೇದಗೆ ಪೊದೆ, ಅತ್ತಿ, ಮೇಲಿನ ಕೊಂಬೆಗಳಲ್ಲಿ ತಲೆಕೆಳಗಾಗಿ ನೇತಾಡುವ ದೊಡ್ಡ ತೊಗಲುಬಾವಲಿಗಳು, ಇವೆಲ್ಲ ದೋಣಿಯಿಂದ ಇಷ್ಟು ಹತ್ತಿರ ಕಾಣುವುದಿಲ್ಲ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ. ಹನ್ನೊಂದರ ನಂತರ, ಅದರಲ್ಲೂ ಭಾನುವಾರ, ಜನಸಂದಣಿಯಲ್ಲಿ ಯಾವ ಸದ್ದೂ ಕೇಳಿಸದು. ಗೂಡು, ಮರಿಗಳ ಕಾಲ ಹೆಚ್ಚಾಗಿ ಜನವರಿಯಿಂದ ಜೂನ್. ಮಳೆಗಾಲದಲ್ಲಿ ಕೃಷ್ಣರಾಜಸಾಗರದಿಂದ ನೀರು ಬಿಟ್ಟರೆ ದೋಣಿ ವಿಹಾರ ನಿಲ್ಲಿಸುತ್ತಾರೆ; ಜುಲೈ, ಆಗಸ್ಟ್‌ನಲ್ಲಿ ಹೋಗುವವರು ಅಣೆಕಟ್ಟೆಯ ಹೊರಹರಿವಿನ ಸುದ್ದಿ ನೋಡಿಕೊಂಡೇ ಹೊರಡಬೇಕು.

ಮಧ್ಯಾಹ್ನದ ನಂತರಕ್ಕೆ ಗಂಜಾಂ ಕಡೆಯ ದಾರಿ ಒಳ್ಳೆಯದು. 1784ರಲ್ಲಿ ಟಿಪ್ಪು ಕಟ್ಟಿಸಿದ ದರಿಯಾ ದೌಲತ್ ಬಾಗ್‌ನ ತೋಟದಲ್ಲಿ ನೆರಳಿದೆ, ಅಜ್ಜ ಅಜ್ಜಿಯರು ಕೂರಲು ಜಾಗವಿದೆ. ಗುಂಬಜ್‌ನಿಂದ ಸಂಗಮದ ಕಡೆಗೆ ಏರಿಳಿತವಿಲ್ಲದ ದಾರಿ. ಮಂಡಿನೋವಿನವರೂ, ಪುಟ್ಟ ಮಕ್ಕಳೂ ನಡೆಯಬಲ್ಲರು. ಬಲವಿದ್ದವರು ಸಂಜೆ ಕರಿಘಟ್ಟ ಹತ್ತಬಹುದು. ಮೆಟ್ಟಿಲುಗಳಿವೆ, ವಾಹನದ ದಾರಿಯೂ ಇದೆ. ಮೇಲಿನಿಂದ ನೋಡಿದರೆ ಹೊಳೆಯ ಗುಂಟ ಕಡುಹಸಿರು ಗೆರೆ, ಆಚೆಗೆ ಗದ್ದೆ. ಆ ಗೆರೆಯೇ ನೀವು ಬೆಳಿಗ್ಗೆ ನಡೆದು ಬಂದ ಮರಗಳ ಸಾಲು.

ಒಂದು ಮಾತನ್ನು ಒತ್ತಿ ಹೇಳಬೇಕು. ಶ್ರೀರಂಗಪಟ್ಟಣದ ಸುತ್ತ ಹೊಳೆಗೆ ಇಳಿಯಬೇಡಿ. ಬಲಮುರಿ, ಎಡಮುರಿ, ಸಂಗಮ, ಎಲ್ಲ ಕಡೆಯೂ ನೀರು ಮೇಲೆ ಶಾಂತವಾಗಿ ಕಾಣುತ್ತದೆ. ಅಡಿಯಲ್ಲಿ ಬಂಡೆಯ ಪೊಟರೆ, ಸುಳಿ, ಪಾಚಿ. ಈಜು ಬಲ್ಲ ಯುವಕರೇ ಇಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ. ರಜಾದಿನ ಬಲಮುರಿಗೆ ಹೋಗುವುದನ್ನು ನಾನಂತೂ ಯಾರಿಗೂ ಹೇಳುವುದಿಲ್ಲ. ನಾಲೆಗಳೂ ಅಷ್ಟೇ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ವಿ.ಸಿ. ನಾಲೆಗೆ ಉರುಳಿ 30 ಮಂದಿ ಸತ್ತರು. ನಾಲೆ ಏರಿಯ ರಸ್ತೆಯಲ್ಲಿ ಕತ್ತಲಾದ ಮೇಲೆ ಕಾರು ಓಡಿಸಬೇಡಿ, ಮಕ್ಕಳನ್ನು ಏರಿಯ ಅಂಚಿಗೆ ಬಿಡಬೇಡಿ.

ಎರಡನೆಯ ದಿನ ಪೂರ್ತಿ ಮೇಲುಕೋಟೆಗೆ

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಗೆ ಜನ ದರ್ಶನಕ್ಕೆ ಬಂದು, ಪುಳಿಯೋಗರೆ ತಿಂದು, ಎರಡು ಗಂಟೆಯಲ್ಲಿ ಹೊರಟುಬಿಡುತ್ತಾರೆ. ಊರಿನ ಸುತ್ತ ಇರುವುದು ಸುಮಾರು 50 ಚದರ ಕಿಲೋಮೀಟರ್‌ನ ವನ್ಯಜೀವಿ ಧಾಮ ಎಂಬುದು ಅವರಲ್ಲಿ ಬಹುಪಾಲು ಮಂದಿಗೆ ಗೊತ್ತಿಲ್ಲ. 1974ರಲ್ಲಿ ಇದು ಘೋಷಣೆಯಾದದ್ದು ಆನೆ, ಹುಲಿಗಳಿಗಾಗಿ ಅಲ್ಲ, ತೋಳಕ್ಕಾಗಿ. ಕುರಿಗಾಹಿಗಳ ಹಗೆಯಾಗಿದ್ದ ಪ್ರಾಣಿಯೊಂದಕ್ಕೆ ಕಾಡು ಮೀಸಲಿಟ್ಟದ್ದು ದೊಡ್ಡ ಮನಸ್ಸಿನ ಕೆಲಸ ಎಂದೇ ನನ್ನ ಎಣಿಕೆ.

ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿ.ಮೀ. ಮಣ್ಣು ತೆಳು, ಅಡಿಯೆಲ್ಲ ಬಂಡೆ. ಆದ್ದರಿಂದ ಜಾಲಿ, ತುಗ್ಗಲಿ, ದಿಂಡಿಗ, ಮುತ್ತುಗ, ಕಳ್ಳಿ, ಬಂದರೆ ಪೊದೆ. ಕಾಡು ತಲೆಮಟ್ಟವನ್ನು ದಾಟುವುದೇ ಕಷ್ಟ. ಇಂಥ ಕಾಡನ್ನು ಪಾಳು ಎಂದು ಕಡೆಗಣಿಸುವವರೇ ಹೆಚ್ಚು. ಎಷ್ಟೋ ವರ್ಷದ ದಿಂಡಿಗ ಕೂಡ ಬಂಡೆಯ ಬಿರುಕಿನಲ್ಲಿ ಎರಡಾಳುದ್ದ ಮಾತ್ರ ಬೆಳೆದು ನಿಂತಿರಬಹುದು. ಈ ಕಾಡಿನಲ್ಲಿ ಸೈಕಸ್ ಎಂಬ ಗಿಡವೂ ಇದೆ. ನೋಡಲು ಕುಳ್ಳ ಈಚಲಿನ ಹಾಗಿರುತ್ತದೆ, ಈಚಲಿಗೂ ಅದಕ್ಕೂ ನಂಟಿಲ್ಲ. ಭೂಮಿಯ ಮೇಲೆ ಹೂ ಬಿಡುವ ಸಸ್ಯಗಳು ಹುಟ್ಟುವುದಕ್ಕೂ ಮುಂಚಿನ ಕುಲ ಅದು. ಡೈನೋಸಾರ್‌ಗಳ ಕಾಲದಲ್ಲೂ ಇದರ ಪೂರ್ವಜರಿದ್ದರು. ತೀರಾ ನಿಧಾನವಾಗಿ ಬೆಳೆಯುತ್ತದೆ. ದೊಡ್ಡದು ಎಂದರೆ ಎತ್ತರವಷ್ಟೇ ಅಲ್ಲ ಎಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಗಿಡ ಸಿಗದು. ಕಂಡರೆ ನೋಡಿ, ಎಲೆ ಕೀಳಬೇಡಿ.

ಮನೆಮಂದಿಯೆಲ್ಲ ನಡೆಯಬಹುದಾದ ದಾರಿ ಹೀಗಿರಲಿ. ಬೆಳಿಗ್ಗೆ ಕಲ್ಯಾಣಿಯಿಂದ ಯೋಗನರಸಿಂಹಸ್ವಾಮಿ ಬೆಟ್ಟ. ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು. ಎಂಟು ಗಂಟೆಯೊಳಗೆ ಹತ್ತಿ ಇಳಿದರೆ ಕಾಲು ಸುಡುವುದಿಲ್ಲ. ತಿಂಡಿ ಮುಗಿಸಿ ರಾಯಗೋಪುರ, ಅಲ್ಲಿಂದ ಅಕ್ಕತಂಗಿ ಕೊಳ, ಆಮೇಲೆ ಧನುಷ್ಕೋಟಿಯ ಕಡೆಗೆ. ಸೀತೆಗೆ ಬಾಯಾರಿಕೆಯಾದಾಗ ರಾಮ ಬಾಣ ಬಿಟ್ಟು ನೀರು ಚಿಮ್ಮಿಸಿದನೆಂದು ಸ್ಥಳಕಥೆ ಹೇಳುವ ಜಾಗ ಅದು. ಬಂಡೆಯ ಮೇಲಿನ ಈ ದಾರಿಯಲ್ಲಿ ಎರಡೂ ಬದಿಗೆ ಕುರುಚಲು ಕಾಡು, ಕೆಳಗೆ ಕಣ್ಣು ಹಾಯುವಷ್ಟು ದೂರ ಬಯಲು. ಹೋಗಿಬರುವುದೆಲ್ಲ ಸೇರಿ ಐದಾರು ಕಿಲೋಮೀಟರ್ ಆದೀತು. ಏಳೆಂಟು ವರ್ಷದ ಮಕ್ಕಳು ತಕರಾರಿಲ್ಲದೆ ನಡೆಯುತ್ತಾರೆ. ಇನ್ನೂ ಚಿಕ್ಕವರಿದ್ದರೆ ಅಕ್ಕತಂಗಿ ಕೊಳದ ತನಕ ಸಾಕು.

ಗುರುತಾದ ದಾರಿ ಬಿಟ್ಟು ಧಾಮದ ಒಳಗೆ ಹೋಗಬೇಕೆಂದರೆ ವಲಯ ಅರಣ್ಯಾಧಿಕಾರಿ ಕಚೇರಿಯ ಅನುಮತಿ ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಅಭಯಾರಣ್ಯ ಹೊಕ್ಕರೆ ಅಪರಾಧ. ರಾಜ್ಯದ ಬೇರೆ ಚಾರಣ ದಾರಿಗಳಿಗೆ ಹೋಗುವ ಯೋಚನೆಯಿದ್ದರೆ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡ ಕಾಯ್ದಿರಿಸಬೇಕು. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಒಮ್ಮೆಲೇ ಸಾವಿರಾರು ಜನ ಸೇರಿದ ನಂತರ ಬಂದ ಕಟ್ಟುನಿಟ್ಟು ಇದು. ಡ್ರೋನ್ ಹಾರಿಸುವುದು, ಬೆಂಕಿ ಹಾಕಿ ಅಡುಗೆ ಮಾಡುವುದು ಎಲ್ಲೂ ಬೇಡ. ಬೇಸಗೆಯಲ್ಲಿ ಈ ಬೆಟ್ಟಗಳ ಒಣಹುಲ್ಲಿಗೆ ಒಂದು ಬೀಡಿ ತುಂಡು ಸಾಕು.

ಮಧ್ಯಾಹ್ನದ ಬಿಸಿಲಿಗೆ ಊರೊಳಗೆ ಬನ್ನಿ. 1905ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಕವಿ ಪು.ತಿ.ನ. ಅವರ ಮನೆ ಸ್ಮಾರಕವಾಗಿದೆ. ಸುರೇಂದ್ರ ಕೌಲಗಿಯವರು 1960ರಲ್ಲಿ ಕಟ್ಟಿದ ಜನಪದ ಸೇವಾ ಟ್ರಸ್ಟ್ ಇಲ್ಲಿದೆ. ಖಾದಿ ನೇಯ್ಗೆ, ಮರಗಿಡಗಳ ಪೋಷಣೆ ಎರಡನ್ನೂ ಬದುಕಿನ ಕೆಲಸವಾಗಿ ಹಿಡಿದ ಸಂಸ್ಥೆ. ಹಾಗೇ ಮಂಗಗಳ ವಿಷಯ: ಕೈಯಲ್ಲಿ ಕಾಣುವಂತೆ ತಿಂಡಿ ಪೊಟ್ಟಣ ಹಿಡಿದರೆ ಕಿತ್ತುಕೊಂಡು ಹೋಗುತ್ತವೆ. ಚೀಲದ ಒಳಗೆ, ಜಿಪ್ ಹಾಕಿ. ವೈರಮುಡಿ ಉತ್ಸವದ ದಿನಗಳಲ್ಲಿ, ಅಂದರೆ ಮಾರ್ಚ್-ಏಪ್ರಿಲ್ ಸುಮಾರಿಗೆ, ನಡಿಗೆಗೆಂದು ಬರಬೇಡಿ; ಕಾಲಿಡಲು ಜಾಗವಿರುವುದಿಲ್ಲ.

ಇದೇ ತಾಲ್ಲೂಕಿನ ಕುಂತಿಬೆಟ್ಟ ಚಾರಣಿಗರಿಗೆ ಪ್ರಿಯ. ಪಾಂಡವಪುರಕ್ಕೆ ಒಂದು ಕಾಲದಲ್ಲಿ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಂದದ್ದು ಹೈದರ್, ಟಿಪ್ಪು ನೆರವಿಗಿದ್ದ ಫ್ರೆಂಚ್ ಪಡೆ ಈ ಬಂಡೆಗಳ ಬಳಿ ಬೀಡುಬಿಟ್ಟಿದ್ದರಿಂದ. ಆದರೆ ಅದು ಕೈ ಊರಿ ಹತ್ತಬೇಕಾದ ಬಂಡೆ; ನೆರಳೂ ಇಲ್ಲ, ಮರವೂ ಕಡಿಮೆ. ಹತ್ತು ವರ್ಷದೊಳಗಿನ ಮಕ್ಕಳನ್ನು ಕರೆದೊಯ್ಯುವುದು ಬೇಡ. ಬದಲಿಗೆ ಹತ್ತಿರದ ತೊಣ್ಣೂರು ಕೆರೆಗೆ ಹೋಗಿ, ಏರಿಯ ಮೇಲೆ ನಿಂತು ನೋಡಿ. ಮೋತಿ ತಲಾಬ್ ಎಂದು ಕರೆಸಿಕೊಂಡ ನೀರು ಈಗಲೂ ತಿಳಿಯಾಗಿದೆ.

ಹೇಮಗಿರಿ, ಚುಂಚನಗಿರಿ

ಇನ್ನೊಂದು ದಿನ ಕೈಯಲ್ಲಿದ್ದರೆ ಕೆ.ಆರ್.ಪೇಟೆ ತಾಲ್ಲೂಕಿನ ಹೇಮಗಿರಿ. ಬಂಡಿಹೊಳೆಯ ಬಳಿ ಹೇಮಾವತಿಗೆ ಕಟ್ಟಿದ ಅಣೆ, ದಂಡೆಯಲ್ಲಿ ಮರಗಳ ನೆರಳು, ಪಕ್ಕದ ಬೆಟ್ಟದ ಮೇಲೆ ಕಲ್ಯಾಣ ವೆಂಕಟರಮಣಸ್ವಾಮಿ. ಅಣೆಯ ಮೇಲೆ ನಡೆಯಬೇಡಿ, ದಂಡೆಯಲ್ಲೇ ಇರಿ. ರಥಸಪ್ತಮಿಯ ಆಸುಪಾಸಿನಲ್ಲಿ ಇಲ್ಲಿ ದನಗಳ ಜಾತ್ರೆ ಸೇರುತ್ತದೆ; ಮಕ್ಕಳಿಗೆ ಹಳ್ಳಿಕಾರ್ ಎತ್ತು ತೋರಿಸಲು ಆಗ ಬರುವುದೇ ಒಳಿತು. ದಾರಿಯಲ್ಲಿ ಹೊಸಹೊಳಲಿನ ಹೊಯ್ಸಳ ದೇಗುಲವನ್ನು ಬಿಟ್ಟುಬರಬೇಡಿ.

ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ 1981ರಲ್ಲಿ ಘೋಷಣೆಯಾದ ನವಿಲುಧಾಮವಿದೆ. 84 ಹೆಕ್ಟೇರ್ ಅಷ್ಟೇ. ಪುಟ್ಟ ಕಾಲಿನವರಿಗೆ ಇದೇ ಅನುಕೂಲ. ನವಿಲು ಕುಣಿಯುವುದು ಮುಂಗಾರಿನ ಮುನ್ನ, ಮೊದಲ ಮಳೆಗಳ ಹೊತ್ತಿಗೆ. ಆಗ ಬೆಳಿಗ್ಗೆ ಅರ್ಧ ಗಂಟೆ ಸದ್ದಿಲ್ಲದೆ ಕೂತರೆ ಕಣ್ಣಿಗೆ ಹಬ್ಬ.

ದಾರಿಯುದ್ದಕ್ಕೂ ಗುಂಡುತೋಪು ಹುಡುಕುತ್ತ ಹೋಗಿ. ಊರು ಶುರುವಾಗುವ ಮುನ್ನ ಹುಣಸೆ, ಮಾವು, ಹೊಂಗೆ, ಹಿಪ್ಪೆ, ನೇರಳೆ ಒಟ್ಟಾಗಿ ನಿಂತಿದ್ದರೆ ಅದು ತೋಪು. ದಾರಿಹೋಕರ ಗಾಡಿ ಬಿಡಲು, ದನ ತಂಗಲು, ಹಬ್ಬಕ್ಕೆ ಪರ ಮಾಡಲು ನಮ್ಮ ಹಿರಿಯರು ನೆಟ್ಟು ಬೆಳೆಸಿದ್ದು. ಇಂಥ ಹುಣಸೆಗಳು ಇನ್ನೂರು ವರ್ಷ ದಾಟಿಯೂ ಕಾಯಿ ಬಿಡುತ್ತವೆ. ದೇವನಹಳ್ಳಿಯ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು ಎಂದರೆ, ಒಂದು ತೋಪಿನ ಬೆಲೆ ಎಷ್ಟೆಂದು ತಿಳಿಯಬಹುದು. ಊರವರನ್ನು ಕೇಳಿಕೊಂಡೇ ಒಳಗೆ ಹೋಗಿ. ‘ಮರ ನೋಡೋಕೆ ಬಂದ್ವಿ ಅಜ್ಜ’ ಎಂದರೆ ಬೇಡ ಅನ್ನುವವರಿಲ್ಲ; ಯಾವ ಮರವನ್ನು ಯಾರ ತಾತ ನೆಟ್ಟದ್ದು ಎಂಬ ಕಥೆಯೂ ಸಿಗುತ್ತದೆ.

ಮಕ್ಕಳ ಕೈಗೆ ಕೆಲಸ ಕೊಡಿ

ಬರೀ ನಡೆಯಿರಿ ಎಂದರೆ ಮಕ್ಕಳಿಗೆ ಬೇಗ ಬೇಸರ. ಒಂದು ದಾರ, ಟೈಲರ್ ಟೇಪು, ಒಂದು ನೋಟ್‌ಬುಕ್ ಕೊಡಿ. ಮರದ ಸುತ್ತಳತೆಯನ್ನು ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಅಂದರೆ ದೊಡ್ಡವರ ಎದೆಮಟ್ಟದಲ್ಲಿ ಅಳೆಯುವುದು ಅರಣ್ಯದವರ ಪದ್ಧತಿ. ದಾರ ಸುತ್ತಿ, ಬಿಚ್ಚಿ, ಟೇಪಿನ ಮೇಲೆ ಹಿಡಿದರೆ ಆಯಿತು. 3.14ರಿಂದ ಭಾಗಿಸಿದರೆ ದಪ್ಪ ಗೊತ್ತಾಗುತ್ತದೆ.

ಎತ್ತರಕ್ಕೂ ಉಪಾಯವಿದೆ. ಕೈ ನೇರ ಚಾಚಿದಾಗ ಕಣ್ಣಿನಿಂದ ಮುಷ್ಟಿಗೆ ಎಷ್ಟು ದೂರವೋ, ಮುಷ್ಟಿಯ ಮೇಲೆ ಅಷ್ಟೇ ಉದ್ದ ಬರುವಂತೆ ಒಂದು ಕೋಲನ್ನು ನೆಟ್ಟಗೆ ಹಿಡಿಯಿರಿ. ಕೋಲಿನ ತುದಿ ಮರದ ತುದಿಗೂ ಮುಷ್ಟಿ ಮರದ ಬುಡಕ್ಕೂ ಸರಿಹೊಂದುವ ತನಕ ಹಿಂದೆ ಸರಿಯಿರಿ. ಹಿಂದೆ ಸರಿಯುವ ಮುನ್ನ ಬೆನ್ನ ಹಿಂದೆ ಏನಿದೆ ನೋಡಲು ಒಬ್ಬರಿರಲಿ. ನೀವು ನಿಂತ ಜಾಗದಿಂದ ಬುಡಕ್ಕೆ ಎಷ್ಟು ದೂರವೋ ಮರದ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಲೆಕ್ಕ ಎಂದರೆ ಓಡಿಹೋಗುವ ಮಕ್ಕಳೂ ಇದನ್ನು ಮರದಿಂದ ಮರಕ್ಕೆ ಮಾಡುತ್ತ ಹೋಗುತ್ತಾರೆ.

ಹೊರಡುವ ಮುನ್ನ

ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ತಲೆಗೆ ಎರಡು ಲೀಟರ್ ನೀರು, ಮೊಸರನ್ನ ಅಥವಾ ಚಿತ್ರಾನ್ನ, ಕಡಲೆಕಾಯಿ, ಬಾಳೆಹಣ್ಣು. ಹತ್ತಿಯ ಉದ್ದ ಪ್ಯಾಂಟು, ಹಿಡಿತವಿರುವ ಶೂ. ಮಳೆಯ ನಂತರ ಹುಲ್ಲಿನಲ್ಲಿ ಉಣ್ಣೆ ಹತ್ತುತ್ತದೆ, ಮನೆಗೆ ಬಂದ ಮೇಲೆ ಮಕ್ಕಳ ಮೈ ನೋಡಿ. ಈ ನಾಲ್ಕೂ ತಾಲ್ಲೂಕುಗಳ ಬೆಟ್ಟ, ಕಬ್ಬಿನ ಗದ್ದೆಗಳಲ್ಲಿ ಚಿರತೆ ಓಡಾಡುತ್ತದೆ. ಬೆಳಕು ಪೂರ್ತಿ ಹರಿದ ಮೇಲೆ ನಡೆಯಲು ಶುರುಮಾಡಿ, ಐದಕ್ಕೆಲ್ಲ ಮುಗಿಸಿ. ಮಕ್ಕಳು ದೊಡ್ಡವರ ನಡುವೆ ಇರಲಿ.

ದೊಡ್ಡ ಮರ, ಎತ್ತರದ ಬಂಡೆ ಇದ್ದಲ್ಲಿ ಹೆಜ್ಜೇನು ಇರುತ್ತದೆ. ಬುಡಕ್ಕೆ ಹೋಗುವ ಮುನ್ನ ಮೇಲೆ ನೋಡಿ. ಗೂಡು ಕಂಡರೆ ದೂರ ಉಳಿಯಿರಿ. ಹೊಗೆ, ಕಲ್ಲು, ಕೂಗಾಟ, ಸೆಂಟು ಯಾವುದೂ ಬೇಡ. ಹಾವು ಕಚ್ಚಿದರೆ ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ನಾಟಿ ಮದ್ದು, ಇದರಲ್ಲೆಲ್ಲ ಹೊತ್ತು ಕಳೆಯದೆ, ಕಚ್ಚಿಸಿಕೊಂಡವರನ್ನು ಅಲುಗಾಡಿಸದೆ ಆಸ್ಪತ್ರೆಗೆ ಸಾಗಿಸಿ. ಮಂಡ್ಯದಲ್ಲಿ ಮಿಮ್ಸ್, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ನಾಗಮಂಗಲದ ಕಡೆಯಿದ್ದರೆ ಬಿ.ಜಿ. ನಗರದ ವೈದ್ಯಕೀಯ ಕಾಲೇಜು ಆಸ್ಪತ್ರೆ. ಆಂಬುಲೆನ್ಸ್‌ಗೆ 108, ಪೊಲೀಸ್ ನೆರವಿಗೆ 112, ಅರಣ್ಯ ಸಹಾಯವಾಣಿ 1926.

ಕಾರಿಲ್ಲದವರಿಗೂ ದಾರಿಯಿದೆ. ಬೆಂಗಳೂರು-ಮೈಸೂರು ರೈಲುಮಾರ್ಗದಲ್ಲಿ ಶ್ರೀರಂಗಪಟ್ಟಣ, ಪಾಂಡವಪುರ ಎರಡೂ ನಿಲ್ದಾಣಗಳಿವೆ. ಮೇಲುಕೋಟೆಗೆ ಮೈಸೂರಿನಿಂದ, ಪಾಂಡವಪುರದಿಂದ ಬಸ್ಸುಂಟು. ಚುಂಚನಗಿರಿಗೆ ಬೆಂಗಳೂರು-ಹಾಸನ ಮಾರ್ಗದ ಬಿ.ಜಿ. ನಗರ ನಿಲ್ದಾಣ ಹತ್ತಿರ. ಹೇಮಗಿರಿಗೆ ಕೆ.ಆರ್.ಪೇಟೆಯಿಂದ ಆಟೊ ಮಾತಾಡಿಕೊಳ್ಳುವುದೇ ಸಲೀಸು.

ಕೊನೆಗೊಂದು ಕೋರಿಕೆ. ಮಕ್ಕಳು ಅಳೆದು ಬರೆದ ನೋಟ್‌ಬುಕ್ಕನ್ನು ಮನೆಯ ಮೂಲೆಗೆ ಎಸೆಯಬೇಡಿ. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡಮರಗಳ ದಾಖಲೆ ಇಡಬೇಕು. ತೋಪಿನ ಯಾವ ಮರ, ಎಷ್ಟು ಸುತ್ತಳತೆ, ಎಲ್ಲಿದೆ ಎಂದು ಬರೆದ ಒಂದು ಪುಟವನ್ನು ಆ ಪಂಚಾಯಿತಿಗೆ ಕೊಟ್ಟುಬನ್ನಿ. ರಸ್ತೆ ಅಗಲಿಸುವಾಗಲೋ ತೋಪು ಒತ್ತುವರಿಯಾದಾಗಲೋ, ಇಲ್ಲೊಂದು ಮರವಿತ್ತು ಎಂದು ಹೇಳಲು ಊರವರ ಕೈಯಲ್ಲಿ ಕಾಗದವಿರಬೇಕು.